ಬೈಂಡ್ ಬಿಚ್ಚಿದ ಕಾಮಿಕ್ಸಿಗೂ ಗ್ರೇಡ್ ಹಾಕಿದೆ: ನನ್ನ ಅನುಭವ

ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯ ಬೈಂಡ್ ಪ್ರತಿಗೆ ಬೆಲೆ ಇಲ್ಲ. ಹಳೆ ಕಾಮಿಕ್ಸ್ ಕೂಡಿಡುವ ನಮ್ಮ ಬಳಗದಲ್ಲಿ ಇದು ಎಲ್ಲರೂ ಒಪ್ಪಿಕೊಂಡ ಮಾತು. ಐದಾರು ಕಾಮಿಕ್ಸ್ ಸೇರಿಸಿ ಹೊಲಿದು, ಮೂರು ಕಡೆ ಅಂಚು ಕತ್ತರಿಸಿ, ಕಪ್ಪು ಬಟ್ಟೆಯ ಬೆನ್ನು ಅಂಟಿಸಿದ ಪುಸ್ತಕ ಕಂಡರೆ 'ಓದೋಕೆ ಸರಿ' ಅಂತ ಪಕ್ಕಕ್ಕೆ ಸರಿಸುತ್ತಾರೆ. ನಾನು ಹುಡುಕಿಕೊಂಡು ಹೋಗಿ ಅವನ್ನೇ ಕೊಳ್ಳಲು ಶುರು ಮಾಡಿದಾಗ ಹಿರಿಯರೊಬ್ಬರು, "ನಿನಗೆ ದುಡ್ಡು ಜಾಸ್ತಿ ಆಗಿದೆ ಕಣಯ್ಯಾ" ಅಂದಿದ್ದರು. ಹೋದ ವರ್ಷ ಅವರೇ ನನ್ನ ಮಾರಾಟದ ಪಟ್ಟಿ ನೋಡಿ ಮೂರು ಪ್ರತಿ ತಗೊಂಡರು. ಚೌಕಾಸಿ ಕೂಡ ಮಾಡಲಿಲ್ಲ. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ.

ನಾನು ಬೈಂಡ್ ಹಿಂದೆ ಬಿದ್ದಿದ್ದಕ್ಕೆ ಕಾರಣ ಸರಳ. ಇಂಗ್ಲಿಷ್ ಅಮರ ಚಿತ್ರ ಕಥೆ, ಇಂಗ್ಲಿಷ್ ಇಂದ್ರಜಾಲ ಕಾಮಿಕ್ಸ್ ಬಿಡಿಬಿಡಿಯಾಗಿ ಬೆಂಗಳೂರಿನ ಅವೆನ್ಯೂ ರೋಡಲ್ಲಿ ಈಗಲೂ ಸಿಗುತ್ತವೆ. ಕನ್ನಡದವು ಸಿಗುವುದಿಲ್ಲ. ಮನೆಗಳಲ್ಲಿ ಮಕ್ಕಳು ಓದಿ ಓದಿ ಹರಿದರು, ಉಳಿದದ್ದು ರದ್ದಿಗೆ ಹೋಯಿತು. ಉಳಿದುಕೊಂಡದ್ದು ಲೈಬ್ರರಿಯವರು ಹೊಲಿದಿಟ್ಟದ್ದು ಮಾತ್ರ. ಕನ್ನಡ ಬೇಕು ಅಂದರೆ ಬೈಂಡ್ ಬಿಚ್ಚಲೇಬೇಕು.

ಮೊದಲು ಬಿಚ್ಚುವ ವಿಷಯ. ಸಾಮಾನು ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಅದನ್ನು ಬರೆಯುವುದಿಲ್ಲ. ಬಿಚ್ಚುವ ಮುಂಚೆ ಗೋಂದು ಯಾವುದು ಅಂತ ನೋಡಿ. ಈಚಿನ ಬೈಂಡಾದರೆ ಬಿಳಿ ಗೋಂದು. ಹೇರ್ ಡ್ರೈಯರ್ ಬಿಸಿ ತಾಗಿಸಿದರೆ ಮೆತ್ತಗಾಗಿ ಎದ್ದು ಬರುತ್ತದೆ. ಎಪ್ಪತ್ತು ಎಂಬತ್ತರ ದಶಕದ ಬೈಂಡಾದರೆ ಮೈದಾ ಅಂಟು. ಅದಕ್ಕೆ ಬಿಸಿಗಾಳಿ ಏನೂ ಮಾಡುವುದಿಲ್ಲ, ತೇವವೇ ಬೇಕು. ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದು ನೋಡಿದೆ. ಅಂಟೇನೋ ಬಿಟ್ಟಿತು, ಜೊತೆಗೆ ಪುಟಗಳು ಹಪ್ಪಳದ ಹಾಗೆ ಎದ್ದು ನಿಂತವು. ಒದ್ದೆ ಬಟ್ಟೆ ಇಟ್ಟರೆ ಕವರಿನ ಕೆಂಪು ಮೊದಲ ಪುಟಕ್ಕೆ ಇಳಿಯಿತು. ಕೊನೆಗೆ ಕೈಹಿಡಿದದ್ದು ಮೀಥೈಲ್ ಸೆಲ್ಯುಲೋಸ್ ಅನ್ನುವ ಪುಡಿಯನ್ನು ನೀರಲ್ಲಿ ಕಲಸಿದ ಜೆಲ್ಲಿ. ಬೆನ್ನಿಗೆ ಮಾತ್ರ ಬಳಿದು, ಅಂಟು ಮೆತ್ತಗಾಗುವ ತನಕ ಕಾದು, ಬಿದಿರಿನ ಚೂರಿನಿಂದ ಕೆರೆಯಬೇಕು. ನೀರು ನಿಧಾನಕ್ಕೆ ಬಿಡುವುದರಿಂದ ಪುಟಕ್ಕೆ ಇಳಿಯುವುದಿಲ್ಲ. ಎಷ್ಟು ದಪ್ಪಗೆ ಕಲಸಬೇಕು, ಕವರಿಗೂ ಮೊದಲ ಪುಟಕ್ಕೂ ಮಧ್ಯೆ ಏನು ಇಡಬೇಕು ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳೋಕೆ ನನ್ನ ಎಷ್ಟೋ ಒಳ್ಳೆ ಪ್ರತಿ ಬಲಿಯಾಗಿವೆ.

ಕೊಳ್ಳುವಾಗಲೇ ಬೆನ್ನಿನ ಒಳಮಗ್ಗುಲು ನೋಡಿ. ಕೆಲವು ಬೈಂಡಲ್ಲಿ ಅಂಟಿನ ಬಣ್ಣ ತಿಳಿ ಹಸಿರು, ಒಮ್ಮೊಮ್ಮೆ ನೀಲಿ. ಬೈಂಡಿನವರು ಮೈದಾಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿದ್ದರು ಅಂತ ಅರ್ಥ. ಅಂಥದ್ದಕ್ಕೆ ಜಿರಲೆ, ಹುಳ ಹತ್ತಿರ ಸುಳಿದಿರುವುದಿಲ್ಲ. ಮೈಲುತುತ್ತ ಹಾಕದ ಬೈಂಡ್ ಬೆನ್ನಿನ ಕಡೆಯಿಂದ ಜರಡಿಯಾಗಿರುತ್ತದೆ. ಹಸಿರು ಕಂಡರೆ ನಾನು ನೂರು ರೂಪಾಯಿ ಜಾಸ್ತಿ ಕೊಡೋಕೂ ತಯಾರು. ಒಂದೇ ತೊಂದರೆ: ತಾಮ್ರ ತಾಗಿದ ಕಡೆ ಕಾಗದ ಬೇಗ ಪೆಡಸಾಗುತ್ತದೆ. ಬೆನ್ನಿನ ಪಕ್ಕ ಒಂದು ಬೆರಳಗಲ ಕಂದು ಪಟ್ಟಿ ಕಾಣುತ್ತದಲ್ಲ, ಅದು ಇದೇ. ಅಲ್ಲಿ ಪುಟ ಪೂರ್ತಿ ಬಗ್ಗಿಸಿ ತೆರೆಯಬೇಡಿ.

ಈಗ ಗ್ರೇಡ್, ಅಂದರೆ ಪ್ರತಿ ಯಾವ ಸ್ಥಿತಿಯಲ್ಲಿದೆ ಅಂತ ಅಂಕ ಹಾಕುವುದು. ಎಲ್ಲರೂ ನಕ್ಕದ್ದು ಇದಕ್ಕೇ. ಅಮೆರಿಕದಲ್ಲಿ ಇದಕ್ಕೆ ಹತ್ತಕ್ಕೆ ಇಷ್ಟು ಅನ್ನುವ ಅಳತೆ ಇದೆ. ಸಿಜಿಸಿ ಅನ್ನುವ ಅಲ್ಲಿನ ಕಂಪನಿಯವರು 2000ದಿಂದ ಅದರ ಮೇಲೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸುತ್ತಾರೆ. ಮುನ್ನೂರು ರೂಪಾಯಿಯ ಪುಸ್ತಕಕ್ಕೆ ಕೊರಿಯರ್, ಫೀಸು ಸೇರಿ ಸಾವಿರಗಟ್ಟಲೆ ಸುರಿಯೋಕೆ ನನಗೇನು ಹುಚ್ಚೇ? ಅದಿರಲಿ, ಆ ಅಳತೆ ನಮಗೆ ಹೊಂದುವುದೂ ಇಲ್ಲ. ಬೈಂಡ್ ಬಿಚ್ಚಿದ್ದೆಲ್ಲ ಎರಡು ಎರಡೂವರೆಗೆ ಬಂದು ಗುಂಪಾಗಿ ನಿಲ್ಲುತ್ತದೆ. ಕಾಗದ ಗಟ್ಟಿಮುಟ್ಟಾಗಿರುವ ಪ್ರತಿಯೂ ಅಲ್ಲೇ, ಮುಟ್ಟಿದರೆ ಪುಡಿಯಾಗುವ ಪ್ರತಿಯೂ ಅಲ್ಲೇ. ಕೊಳ್ಳುವವನಿಗೆ ಏನು ತಿಳಿಯುತ್ತದೆ?

ನಾನು ಅಂಕವನ್ನೇ ಎರಡಾಗಿ ಒಡೆದೆ. ಕಾಗದಕ್ಕೆ ಹತ್ತು, ಪೂರ್ತಿ ಇದೆಯೋ ಇಲ್ಲವೋ ಅನ್ನುವುದಕ್ಕೆ ಹತ್ತು. ಅದರ ಮುಂದೆ ಮನುಷ್ಯರು ಮಾಡಿದ ಅನಾಹುತಕ್ಕೆ ಅಕ್ಷರಗಳು. ಹೊಲಿಗೆ ತೂತಿಗೆ 'ಹೊ', ಅಂಚು ಕತ್ತರಿಸಿದ್ದಕ್ಕೆ 'ಕ', ಲೈಬ್ರರಿ ಸೀಲಿಗೆ 'ಸೀ', ಸೆಲ್ಲೋಟೇಪಿಗೆ 'ಟೇ', ಪೆನ್ನಿನ ಗೀಚಿಗೆ 'ಪೆ'. 'ಕಾ 7, ಪೂ 9, ಹೊ ಕ ಸೀ2' ಅಂದರೆ ಕಾಗದ ಚೆನ್ನಾಗಿದೆ, ಪುಟವೆಲ್ಲ ಇವೆ, ಹೊಲಿದು ಕತ್ತರಿಸಿದ್ದಾರೆ, ಎರಡು ಕಡೆ ಸೀಲ್ ಒತ್ತಿದ್ದಾರೆ. ಫೋಟೋ ನೋಡದೆಯೇ ಪ್ರತಿ ಕಣ್ಮುಂದೆ ಬರುತ್ತದೆ ಅಲ್ವಾ?

ಕಾಗದದ ಅಂಕ ಹಾಕುವಾಗ ಮೂಲೆ ಮಡಚಿ ನೋಡುವ ಕೆಟ್ಟ ಚಾಳಿ ಕೆಲವರಿಗಿದೆ. ಮಡಚಬೇಡಿ. ಮಧ್ಯದ ಪುಟದ ಮೇಲಿನ ಮೂಲೆಯನ್ನು ಬೆರಳ ತುದಿಯಿಂದ ಸ್ವಲ್ಪ ಎತ್ತಿ ಬಿಡಿ. ತಾನಾಗಿ ಮಲಗಿದರೆ ಏಳರ ಮೇಲೆ. ಎತ್ತಿದಲ್ಲೇ ಸೆಟೆದು ನಿಂತರೆ ಐದರ ಕೆಳಗೆ. ಆಮೇಲೆ ಅಂಚಿನ ಕಂದು ಬಣ್ಣ ಒಳಗೆ ಎಷ್ಟು ದೂರ ನುಗ್ಗಿದೆ ಅಂತ ಸ್ಕೇಲ್ ಇಟ್ಟು ನೋಡುತ್ತೇನೆ. ಅರ್ಧ ಸೆಂಟಿಮೀಟರಿಗೆ ಒಂದು ಅಂಕ ಕಡಿಮೆ. ಕತ್ತರಿಸಿದ ಪ್ರತಿಯಲ್ಲಿ ಇದು ಮೋಸ ಮಾಡುತ್ತದೆ, ಕಂದಾದ ಅಂಚನ್ನೇ ಬೈಂಡಿನವರು ಹಾರಿಸಿರುತ್ತಾರೆ. ಹಾಗಾಗಿ 'ಕ' ಇದ್ದರೆ ಸುಮ್ನೆ ಅರ್ಧ ಅಂಕ ಕಳೆದುಬಿಡುತ್ತೇನೆ. ಕತ್ತರಿ ಮಾತಿನ ಗುಳ್ಳೆಯವರೆಗೆ ಬಂದಿದ್ದರೆ ಅದನ್ನು ಪೂರ್ತಿಯ ಲೆಕ್ಕದಲ್ಲಿ ಕಳೆಯುತ್ತೇನೆ, ಕಾಗದದ್ದರಲ್ಲಿ ಅಲ್ಲ. ಪಿನ್ನಿನ ತುಕ್ಕು ಎಷ್ಟು ಪುಟ ದಾಟಿದೆ ಅನ್ನುವುದೂ ಮುಖ್ಯ. ಒಂದೇ ಪುಟವಾದರೆ ಪಿನ್ನು ತೆಗೆದು ಹತ್ತಿ ದಾರ ಹಾಕಿ, ಪಟ್ಟಿಯಲ್ಲಿ ಹಾಗೆಂದೇ ಬರೆಯುತ್ತೇನೆ.

ಯಾವ ಮುದ್ರಣ ಅಂತ ಗುರುತಿಸುವುದು ಇನ್ನೊಂದು ತಲೆನೋವು. ಅಮರ ಚಿತ್ರ ಕಥೆ ಮತ್ತೆ ಮತ್ತೆ ಅಚ್ಚಾಗಿದೆ, ಎಷ್ಟೋ ಪ್ರತಿಯಲ್ಲಿ ಇಸವಿ ಇರುವುದಿಲ್ಲ. 'ಗುರುತಿಸೋಕಾಗಲ್ಲ, ಬಿಡು' ಅಂದವರೇ ಹೆಚ್ಚು. ಆಗುತ್ತದೆ. ಕವರಿನ ಒಳಗೋ ಹಿಂದೋ ಇರುವ ಪುಸ್ತಕಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದು ನೋಡಿ. ಆ ಪುಸ್ತಕ ಬರುವ ಮುಂಚೆ ಈ ಪ್ರತಿ ಅಚ್ಚಾಗಿರಲು ಸಾಧ್ಯವಿಲ್ಲ. ಅಲ್ಲಿಗೆ ಒಂದು ಕಡೆ ಗೂಟ ಹೊಡೆದಂತಾಯಿತು. ಇನ್ನೊಂದು ಕಡೆಗೆ ಬೆಲೆ ಮತ್ತು ಜಾಹೀರಾತು. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಬೆಳಕಿಗೆ ಹಿಡಿದು ಕೆಳಗಿನ ಬೆಲೆ ಓದಿ, ಚೀಟಿಯನ್ನು ನಂಬಬೇಡಿ. ಆರಂಭದ ಸಂಚಿಕೆಗಳಲ್ಲಿ ಒಳಚಿತ್ರಕ್ಕೆ ನೀಲಿ, ಹಳದಿ, ಹಸಿರು ಇಷ್ಟೇ ಬಣ್ಣ ಬಳಸುತ್ತಿದ್ದರು. ಪೂರ್ಣ ಬಣ್ಣ ಬಂದದ್ದು ಆಮೇಲೆ. 'ಮೊದಲ ಮುದ್ರಣ ಸಾರ್' ಅಂತ ಯಾರಾದರೂ ಪೂರ್ಣ ಬಣ್ಣದ 'ಕೃಷ್ಣ' ಪುಸ್ತಕ ತೋರಿಸಿದರೆ ನಕ್ಕು ಮುಂದೆ ಹೋಗಿ. 501ರಿಂದ ಶುರುವಾಗುವ ಸಂಖ್ಯೆ ಇದ್ದರಂತೂ ಅದು ಸಂಖ್ಯೆ ಬದಲಾದ ಮೇಲಿನ ಮರುಮುದ್ರಣ.

ಇಂದ್ರಜಾಲದಲ್ಲಿ ಗೋಳು ಬೇರೆ. 1964ರ ಮಾರ್ಚಿನಲ್ಲಿ ಶುರುವಾಗಿ 1990ರವರೆಗೆ ಬಂತು. ಇಂಗ್ಲಿಷ್ ಸರಣಿಯಲ್ಲಿ 123, 124 ಅಂತ ಸಂಚಿಕೆಯೇ ಇಲ್ಲ, ಮುಷ್ಕರದಿಂದ ಅಚ್ಚಾಗಲಿಲ್ಲ. ಇದು ಗೊತ್ತಿಲ್ಲದೆ ಆ ಎರಡಕ್ಕೆ ವರ್ಷಗಟ್ಟಲೆ ಅಲೆದವರನ್ನು ನಾನೇ ಬಲ್ಲೆ. 440 ದಾಟಿದ ಮೇಲೆ ಕ್ರಮಸಂಖ್ಯೆ ಬಿಟ್ಟು ಸಂಪುಟ, ಸಂಚಿಕೆ ಅಂತ ಎಣಿಸತೊಡಗಿದರು. ಹಾಗಾಗಿ ನನ್ನ ಪಟ್ಟಿಯಲ್ಲಿ ಪುಸ್ತಕದ ಮೇಲಿರುವ ಸಂಖ್ಯೆಗೆ ಒಂದು ಕಾಲಂ, ನಾನು ಎಣಿಸಿದ ಸಂಖ್ಯೆಗೆ ಇನ್ನೊಂದು. ಕನ್ನಡ ಪ್ರತಿಗೆ ಇಂಗ್ಲಿಷಿನ ಸಂಖ್ಯೆಯನ್ನು ಕಣ್ಣುಮುಚ್ಚಿ ಹಾಕಬೇಡಿ. ಕವರಿನ ಚಿತ್ರ ಹೋಲಿಸಿ, ಕತೆ ಅದೇ ಅಂತ ಖಾತ್ರಿಯಾದ ಮೇಲೆ ಹಾಕಿ. ಕಲಾವಿದ ಬಿ. ಗೋವಿಂದ್ ಬರೆದ ಕವರುಗಳನ್ನು ದಿನಾ ನೋಡುತ್ತಿದ್ದರೆ ಹರಿದ ಅರ್ಧ ಕವರಲ್ಲೂ ಗುರುತು ಸಿಗುತ್ತದೆ. ಒಮ್ಮೆ ಬರೀ ಕುದುರೆಯ ಕಾಲು ನೋಡಿ ಸಂಚಿಕೆ ಹೇಳಿದ್ದೆ. ಇದನ್ನು ಕೊಚ್ಚಿಕೊಳ್ಳದೆ ಇರೋಕಾಗಲ್ಲ.

ಪಟ್ಟಿಯ ಬಗ್ಗೆ ಒಂದೇ ಮಾತು. ಹಳೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನೂರಾರು ಸಾಲು ನನ್ನ ಹತ್ತಿರ ಇತ್ತು. ಗೂಗಲ್ ಶೀಟಿಗೆ ಹಾಕಿದರೆ ಬರೀ ಕಸ. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಎಲ್ಲೆಲ್ಲಿ ಕೆಟ್ಟಿವೆ ಅಂತ ಕೂತು ತಿದ್ದೋಕೆ ಒಂದು ಮಳೆಗಾಲವೇ ಹೋಯಿತು. ಹೊಸದಾಗಿ ಶುರು ಮಾಡುವವರು ಮೊದಲ ದಿನದಿಂದಲೇ ಯೂನಿಕೋಡಲ್ಲಿ ಬರೆಯಿರಿ. ಪ್ರತಿ ಪುಸ್ತಕಕ್ಕೆ ನಾಲ್ಕು ಫೋಟೋ ಸಾಕು: ಮುಂದೆ, ಹಿಂದೆ, ಒಳಗಿನ ಪಟ್ಟಿ, ಮಧ್ಯದ ಪಿನ್ನು.

ಮಧ್ಯೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಹುಳ ಬಿದ್ದ ಕಟ್ಟನ್ನು ಜಿಪ್ ಕವರಲ್ಲಿ ಗಾಳಿ ತೆಗೆದು ಫ್ರೀಜರಲ್ಲಿ ಎರಡು ಮೂರು ವಾರ ಇಟ್ಟೆ. ಹುಳ ಸತ್ತವು. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು, ತಣ್ಣಗಿರುವ ಕಾಗದಕ್ಕೆ ನೀರು ಕೂರುತ್ತದೆ. ಮನೆಯವಳು ಐಸ್‌ಕ್ರೀಮ್ ಇಡೋಕೆ ಜಾಗ ಇಲ್ಲ ಅಂತ ಗಲಾಟೆ ಮಾಡಿದ್ದು ಬೇರೆ ವಿಷಯ. ಮುಗ್ಗಲು ವಾಸನೆಗೆ ಅಡುಗೆ ಸೋಡಾ ಚೆನ್ನಾಗಿ ಕೆಲಸ ಮಾಡುತ್ತದೆ. ಪುಡಿ ಬಟ್ಟಲಲ್ಲಿರಲಿ, ಪುಟದ ಮೇಲೆ ಬೇಡ. ನುಸಿಗುಳಿಗೆ ಬಿಟ್ಟು ಬಜೆ ಬೇರಿಗೆ ಬಂದಿದ್ದೇನೆ. ತಾಳೆಗರಿ ಕಟ್ಟುಗಳಿಗೆ ನಮ್ಮ ಹಿರಿಯರು ಇಡುತ್ತಿದ್ದದ್ದೂ ಅದೇ, ಮತ್ತೆ ಮನೆಯಲ್ಲಿ ಯಾರಿಗೂ ತಲೆನೋವಿಲ್ಲ.

ಇನ್ನೂರೋ ಮುನ್ನೂರೋ ಕೊಟ್ಟು ತಂದ ಯುವಿ ಟಾರ್ಚ್ ಎಲ್ಲಕ್ಕಿಂತ ಲಾಭ ತಂದಿದೆ. ಈಚೆಗೆ ಹಳೆ ಒಳಪುಟಕ್ಕೆ ಕಲರ್ ಪ್ರಿಂಟ್ ತೆಗೆದ ಕವರ್ ಹಾಕಿ ಮಾರುತ್ತಾರೆ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಈಗಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಹಳೆಯದು ಮಂಕಾಗಿಯೇ ಇರುತ್ತದೆ. ಅಂಗಡಿಯವನ ಮುಂದೆ ಟಾರ್ಚ್ ತೆಗೆದರೆ ಸಾಕು, ಒಮ್ಮೊಮ್ಮೆ ಬೆಲೆ ತಾನೇ ಇಳಿಯುತ್ತದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮುಚ್ಚುತ್ತಿದ್ದ ಒಂದು ಲೈಬ್ರರಿಯಿಂದ ನಲವತ್ತರ ಆಸುಪಾಸು ಬೈಂಡ್ ತಂದೆ, ಹನ್ನೊಂದು ಸಾವಿರ ಚಿಲ್ಲರೆ. ಒಳಗೆ ಇನ್ನೂರಕ್ಕೂ ಮೇಲೆ ಕಾಮಿಕ್ಸ್. ಬಿಡಿಯಾಗಿ ಐವತ್ತು ರೂಪಾಯಿ ಆಸುಪಾಸು ಬಿತ್ತು. ಪ್ಲಾಸ್ಟಿಕ್ ಕವರ್, ಅದರೊಳಗೆ ಹಿಂದೆ ಕೊಡುವ ರಟ್ಟು, ಜೆಲ್ಲಿ, ದಾರ ಎಲ್ಲ ಸೇರಿ ಇನ್ನೊಂದು ಐದಾರು ಸಾವಿರ. ಮೊದಲು ಅಗ್ಗಕ್ಕೆ ಸಿಗುತ್ತದೆ ಅಂತ ಪಿವಿಸಿ ಕವರ್ ತಂದಿದ್ದೆ. ಎರಡು ಬೇಸಿಗೆಯಲ್ಲಿ ಬೆವರಿ ಇಂಕಿಗೆ ಅಂಟಿತು, ಹತ್ತಿಪ್ಪತ್ತು ಕಾಮಿಕ್ಸಿನ ಮುಖಪುಟ ಹಾಳಾದವು. ಈಗ ಪಾಲಿಪ್ರಾಪಿಲೀನ್ ಪ್ಲಾಸ್ಟಿಕ್ಕಿನದು ಮಾತ್ರ. ಫೋಟೋ ನೋಡಿ ತರಿಸಿದ ಇನ್ನೊಂದು ಕಟ್ಟಲ್ಲಿ ಗೆದ್ದಲು ಕೂಡ ಉಚಿತವಾಗಿ ಬಂತು, ನಾಲ್ಕು ಸಾವಿರ ಮಣ್ಣಾಯಿತು. ಮಾರಿದವರು ಫೋನ್ ಎತ್ತಲಿಲ್ಲ. ಡಬಲ್ ಇದ್ದವು ತೊಂಬತ್ತರಷ್ಟು. ಎರಡು ಅಂಕದ ಗ್ರೇಡ್ ಬರೆದು ಮಾರಿದೆ. ಒಂದಕ್ಕೆ ಸರಾಸರಿ ಇನ್ನೂರೈವತ್ತು ಮುನ್ನೂರು ಬಂದಿರಬೇಕು. ಬೈಂಡ್ ಬಿಚ್ಚಿದ್ದು ಅಂತ ಗೊತ್ತಿದ್ದೂ ಕೊಂಡರು. ಒಂದು ಪ್ರತಿಯೂ ವಾಪಸ್ ಬಂದಿಲ್ಲ. ಉಳಿದದ್ದೆಲ್ಲ ನನಗೆ ಪುಕ್ಕಟೆ ಅಂತಲೇ ಲೆಕ್ಕ.

ಇನ್ನು ನಾನು ಹುಡುಕುತ್ತಿರುವುದು ಅಮರ ಚಿತ್ರ ಕಥೆಯ ಮೊದಲ ಹತ್ತು. ಇಂಗ್ಲಿಷ್ ಅಮರ ಚಿತ್ರ ಕಥೆ ಕೃಷ್ಣನಿಂದ, ಅಂದರೆ 11ರಿಂದ ಶುರುವಾಗುತ್ತದೆ. ಅದಕ್ಕೆ ಮುಂಚಿನ ಹತ್ತು ಕನ್ನಡದಲ್ಲಿ ಬಂದ ವಿದೇಶಿ ಕತೆಗಳು, ಸಿಂಡ್ರೆಲಾ ಥರದವು. 1965ರಲ್ಲಿ ಬೆಂಗಳೂರಲ್ಲೇ ಆ ಕೆಲಸ ಶುರುವಾಯಿತು ಅಂತ ಪ್ರಕಾಶನ ಸಂಸ್ಥೆ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಂ ಅವರೇ ಹೇಳಿಕೊಂಡಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಒಂದು, ಅದೂ ಕವರ್ ಇಲ್ಲದ್ದು: ಕಾ 4, ಪೂ 6, ಹೊ ಕ ಟೇ3. ನಿಮ್ಮ ಅಟ್ಟದ ಮೇಲೆ ಅಂಥ ಬೈಂಡ್ ಇದ್ದರೆ ಬಿಚ್ಚೋಕೆ ಹೋಗಬೇಡಿ, ಹಾಗೇ ಇರಲಿ. ಬೆನ್ನಿನ ಒಳಗೆ ಹಸಿರು ಇದೆಯಾ ನೋಡಿ ಹೇಳಿ. ಇದ್ದರೆ ಬೆಲೆ ಮಾತಾಡೋಣ.