ನನ್ನ ಸ್ಟ್ರಾಟ್‌ಗೆ ಒಂದೇ ಒಂದು ಪಿಕಪ್ ಕೊಂಡಿದ್ದು

ನನ್ನದು ಸ್ಟ್ರಾಟ್, ಅಂದರೆ ಸ್ಟ್ರಾಟೋಕಾಸ್ಟರ್ ಬಗೆಯ ಎಲೆಕ್ಟ್ರಿಕ್ ಗಿಟಾರ್. ಸ್ಟ್ರಿಂಗ್ ಅಲುಗಿದ್ದನ್ನು ವಿದ್ಯುತ್ ಸಂಕೇತ ಮಾಡುವ ಪಿಕಪ್ (ಮ್ಯಾಗ್ನೆಟ್ ಸುತ್ತ ತಂತಿ ಸುತ್ತಿದ ಸುರುಳಿ) ಅದರಲ್ಲಿ ಮೂರು: ಕುತ್ತಿಗೆ ಕಡೆ ನೆಕ್, ಮಧ್ಯದಲ್ಲೊಂದು, ಸ್ಟ್ರಿಂಗ್ ಕೂರುವ ಬ್ರಿಡ್ಜ್ ಹತ್ತಿರ ಇನ್ನೊಂದು. ನೆಕ್ ಪಿಕಪ್ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ಬ್ರಿಡ್ಜ್ ಪಿಕಪ್‌ಗೆ ಬಂದರೆ ಮಾತ್ರ ಸೋಲೋ ತೆಳ್ಳಗೆ, ಗಾಜು ಗೀಚಿದ ಹಾಗೆ ಕೇಳುತ್ತಿತ್ತು. ಸಣ್ಣ ತಯಾರಕರು ಕೈಯಲ್ಲಿ ಸುತ್ತಿ ಕೊಡುವ ಪಿಕಪ್ ತರಿಸೋಣ ಅಂತ ಹೊರಟೆ. ಅವರ ವಿವರಣೆ ಓದಿದರೆ ಎಲ್ಲವೂ ‘ಬೆಚ್ಚಗಿನ’, ‘ಸಿಹಿಯಾದ’, ‘ಹಳೇ ಕಾಲದ’ ದನಿಯೇ. ಅದರಿಂದ ಆರಿಸುವುದು ಹೇಗೆ? ನನಗೆ ಏನು ಬೇಡ ಅನ್ನುವುದನ್ನೇ ಮೊದಲು ಬರೆದುಕೊಂಡೆ: ಚುಚ್ಚುವ ಟ್ರೆಬಲ್ (ಮೇಲಿನ ಚೂಪು ದನಿ) ಬೇಡ, ತೆಳು ಮಿಡ್ (ನಡುವಿನ ದನಿ) ಬೇಡ.

ದುಡ್ಡು ಹಾಕುವ ಮೊದಲು ಪುಕ್ಕಟೆ ಕೆಲಸಗಳನ್ನು ಮುಗಿಸಿದೆ. ಹಳೇ ಬಗೆಯ ಸ್ಟ್ರಾಟ್ ವೈರಿಂಗ್‌ನಲ್ಲಿ ಬ್ರಿಡ್ಜ್ ಪಿಕಪ್‌ಗೆ ಟ್ರೆಬಲ್ ತಗ್ಗಿಸುವ ಟೋನ್ ಕಂಟ್ರೋಲೇ ಇರುವುದಿಲ್ಲ. ಮಧ್ಯದ ಪಿಕಪ್‌ನ ಟೋನ್ ಅನ್ನು ಅದಕ್ಕೂ ಕೊಡಲು ಸ್ವಿಚ್ ಹತ್ತಿರ ಒಂದು ಚೂರು ವೈರ್ ಸಾಕು. ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಪಾಟ್‌ಗಳು 250 ಕಿಲೋಓಮ್ ಹೌದೋ ಅಲ್ಲವೋ ಅಂತಲೂ ಮೀಟರ್ ಹಿಡಿದು ನೋಡಿದೆ. 500 ಇದ್ದರೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇನ್ನೂ ಚೂಪಾಗಿ ಕೇಳುತ್ತದೆ. ಪಿಕಪ್ ಅನ್ನು ತುಸು ಕೆಳಗಿಳಿಸಿದೆ. ಇಷ್ಟಕ್ಕೆ ಚುಚ್ಚುವುದು ಎಷ್ಟೋ ಕಡಿಮೆಯಾಯಿತು. ತೆಳು ದನಿ ಮಾತ್ರ ಹಾಗೇ ಇತ್ತು. ಬದಲಿಸಬೇಕಾದದ್ದು ಪಿಕಪ್ಪೇ ಅಂತ ಆಗ ಖಾತ್ರಿಯಾಯಿತು.

ಎಲ್ಲರೂ ಮೊದಲು ನೋಡುವುದು ರೆಸಿಸ್ಟೆನ್ಸ್, ಅಂದರೆ ಪಿಕಪ್ ತಂತಿ ವಿದ್ಯುತ್ತಿಗೆ ಒಡ್ಡುವ ತಡೆ. 6 ಕಿಲೋಓಮ್ ಅಂದರೆ ಮೆದು, 8 ಅಂದರೆ ಜೋರು ಅನ್ನುವ ಲೆಕ್ಕ. ನಾನು ಇದನ್ನು ಜಾಸ್ತಿ ನಂಬುವುದಿಲ್ಲ. ಸ್ಟ್ರಾಟ್ ಪಿಕಪ್‌ಗೆ ಸಾಮಾನ್ಯವಾಗಿ ಸುತ್ತುವುದು 42 ಗೇಜ್ ತಾಮ್ರದ ತಂತಿ, ದಪ್ಪ ಸುಮಾರು 0.063 ಮಿಲಿಮೀಟರ್. ಅಷ್ಟೇ ಸುತ್ತನ್ನು ಇನ್ನೂ ಸಪೂರವಾದ 43 ಗೇಜ್‌ನಲ್ಲಿ ಸುತ್ತಿದರೆ ರೆಸಿಸ್ಟೆನ್ಸ್ ಏರುತ್ತದೆ, ಔಟ್‌ಪುಟ್ ಏರುವುದಿಲ್ಲ. ಕೋಣೆ 10 ಡಿಗ್ರಿ ಬಿಸಿಯಾದರೂ ಸಾಕು, ಅದೇ ಪಿಕಪ್ ಸುಮಾರು 4% ಹೆಚ್ಚು ತೋರಿಸುತ್ತದೆ! ಅದರ ಬದಲು ಇಂಡಕ್ಟೆನ್ಸ್ (ವಿದ್ಯುತ್ ಬದಲಾಗುವುದನ್ನು ಸುರುಳಿ ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಕೇಳುವುದು ಮೇಲು. ಹಳೇ ಬಗೆಯ ಸ್ಟ್ರಾಟ್ ಪಿಕಪ್‌ಗೆ ಅದು 2ರಿಂದ 2.5 ಹೆನ್ರಿ ಆಸುಪಾಸಿನಲ್ಲಿರುತ್ತದೆ. ಏರಿದಷ್ಟೂ ಟ್ರೆಬಲ್ ತಗ್ಗಿ ಮಿಡ್ ದಪ್ಪವಾಗುತ್ತದೆ. ಈ ಅಂಕಿ ಕೊಡದವರನ್ನು ನನ್ನ ಪಟ್ಟಿಯಿಂದ ತೆಗೆದುಬಿಟ್ಟೆ.

ಮ್ಯಾಗ್ನೆಟ್ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಆಲ್ನಿಕೋ ಅನ್ನುವ ಮಿಶ್ರಲೋಹದ ಮ್ಯಾಗ್ನೆಟ್‌ನಲ್ಲಿ 5 ನಂಬರಿನದು ಬಲವಾದದ್ದು, 2 ಅದಕ್ಕಿಂತ ಮೆತ್ತಗೆ. ನಾನು 5ನ್ನೇ ಇಟ್ಟುಕೊಂಡು ಸುತ್ತು ಜಾಸ್ತಿ ಮಾಡಲು ಹೇಳಿದೆ. ಬ್ರಿಡ್ಜ್ ಹತ್ತಿರ ಸ್ಟ್ರಿಂಗ್ ಅಲುಗುವುದೇ ಕಡಿಮೆ, ಅಲ್ಲಿ ಸುತ್ತು ಹೆಚ್ಚಿದ್ದರೆ ನೆಕ್ ಜೊತೆ ದನಿ ಸರಿದೂಗುತ್ತದೆ.

ಹೆಚ್ಚಿನವರು ಮೂರರ ಸೆಟ್ಟನ್ನೇ ಮಾರಲು ನೋಡುತ್ತಾರೆ. ಚೆನ್ನಾಗಿರುವ ನೆಕ್ ಪಿಕಪ್ ಅನ್ನು ಸುಮ್ನೆ ಯಾಕೆ ತೆಗೆಯಲಿ? ಒಂದನ್ನೇ ಕೊಳ್ಳುವಾಗ ಮಾತ್ರ ಒಂದು ತೊಡಕಿದೆ. ಉಳಿದೆರಡಕ್ಕೆ ಹೋಲಿಸಿದರೆ ನನ್ನ ಗಿಟಾರಿನ ಮಧ್ಯದ ಪಿಕಪ್‌ನ ತಂತಿಯ ಸುತ್ತೂ ಉಲ್ಟಾ, ಮ್ಯಾಗ್ನೆಟ್‌ನ ಧ್ರುವವೂ ಉಲ್ಟಾ. ಹೊಸದು ಅದಕ್ಕೆ ಹೊಂದದಿದ್ದರೆ ಎರಡನ್ನೂ ಸೇರಿಸಿ ನುಡಿಸುವಾಗ ಗುಂಯ್‌ಗುಡುವುದು ನಿಲ್ಲುವುದಿಲ್ಲ, ಇಲ್ಲವೇ ದನಿ ಟೊಳ್ಳಾಗುತ್ತದೆ. ದಿಕ್ಸೂಚಿ ಹಿಡಿದು ನೋಡಿದೆ. ಉತ್ತರ ತೋರಿಸುವ ಮುಳ್ಳಿನ ತುದಿ ಪೋಲ್ (ಪ್ರತಿ ಸ್ಟ್ರಿಂಗ್ ಕೆಳಗಿನ ಮ್ಯಾಗ್ನೆಟ್ ಕಡ್ಡಿ) ಕಡೆ ತಿರುಗಿದರೆ ಮೇಲಿರುವುದು ದಕ್ಷಿಣ ಧ್ರುವ. ಅದನ್ನು ಬರೆದು, ಮೂರೂ ಪಿಕಪ್‌ಗಳ ಫೋಟೋ ಸೇರಿಸಿ ತಯಾರಕರಿಗೆ ಕಳಿಸಿದೆ.

ಅವರು ತಿರುಗಿ ಕೇಳಿದ್ದು ನನಗೆ ಹಿಡಿಸಿತು: ಯಾವ ಆಂಪ್, ಎಷ್ಟು ಗೇನ್ (ಆಂಪ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ), ಕೇಬಲ್ ಎಷ್ಟು ಉದ್ದ, ಮೂರನೇ ಸ್ಟ್ರಿಂಗ್ ಆದ ಜಿ ಮೇಲೆ ಸಣ್ಣ ತಂತಿ ಸುತ್ತಿದ್ದೋ ಸಾದಾದ್ದೋ. ಈ ಕೊನೆಯ ಪ್ರಶ್ನೆ ಮುಖ್ಯ. ಹಳೇ ವಿನ್ಯಾಸದಲ್ಲಿ ಜಿ ಕೆಳಗಿನ ಪೋಲ್ ಎತ್ತರ, ಯಾಕಂದ್ರೆ ಆಗ ಸುತ್ತಿದ ಜಿ ಹಾಕುತ್ತಿದ್ದರು. ಈಗಿನ ಸಾದಾ ಜಿ ಅದರ ಮೇಲೆ ಕಿರುಚುತ್ತದೆ. ಹಾಗಾಗಿ ಸಮಮಟ್ಟದ ಪೋಲ್ ಹೇಳಿದೆ. ಆಮೇಲೆ ಪೋಲ್ ಒತ್ತಿ ಸರಿಮಾಡೋಣ ಅನ್ನಬೇಡಿ, ಒಳಗಿನ ತಂತಿ ಹರಿಯುತ್ತದೆ. ನಾನು ಗೇನ್ ಏರಿಸಿ ನುಡಿಸುವವನು, ಅದಕ್ಕೇ ಮೇಣದಲ್ಲಿ ಅದ್ದಿ ಕೊಡಿ ಅಂದೆ. ಅದ್ದದ ಪಿಕಪ್ ಜೋರು ದನಿಯಲ್ಲಿ ಶಿಳ್ಳೆ ಹೊಡೆಯುತ್ತದೆ.

ಆರ್ಡರ್ ಕೊಡುವ ಮೊದಲು ವಾಪಸಾತಿ ನಿಯಮ ಓದಿ. ವೈರ್ ಕತ್ತರಿಸಿದ ಮೇಲೆ ವಾಪಸ್ ತಗೊಳ್ಳದವರು ಎಷ್ಟೋ ಜನ. ನಾನು ವೈರನ್ನು ಪೂರ್ತಿ ಉದ್ದ ಬಿಟ್ಟೇ ಬೆಸೆದು ಕೆಲವು ದಿನ ನುಡಿಸಿದೆ. ಹಳೇ ಪಿಕಪ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ರಿಫನ್ನೇ (ಚಿಕ್ಕ ಸಂಗೀತದ ತುಣುಕು) ಅದೇ ಆಂಪ್ ಸೆಟ್ಟಿಂಗ್‌ನಲ್ಲಿ ಮತ್ತೆ ರೆಕಾರ್ಡ್ ಮಾಡಿದೆ. ನೆನಪಿನಿಂದ ಹೋಲಿಸಿದರೆ ದುಡ್ಡು ಕೊಟ್ಟದ್ದೇ ಚೆನ್ನಾಗಿ ಕೇಳುತ್ತದೆ!

ಕೊನೆಯ ಫ್ರೆಟ್ (ಕುತ್ತಿಗೆಯ ಅಡ್ಡಪಟ್ಟಿ) ಹತ್ತಿರ ಸ್ಟ್ರಿಂಗ್ ಒತ್ತಿ ಹಿಡಿದು, ಸ್ಟ್ರಿಂಗ್‌ಗೂ ಪೋಲ್‌ಗೂ ನಡುವೆ ದಪ್ಪ ಸ್ಟ್ರಿಂಗ್ ಕಡೆ 2.4, ಸಣ್ಣ ಸ್ಟ್ರಿಂಗ್ ಕಡೆ 2 ಮಿಲಿಮೀಟರ್ ಅಂತರದಿಂದ ಶುರುಮಾಡಿದೆ. ಈಗ ಸೋಲೋಗೆ ಮೈ ಬಂದಿದೆ. ಬ್ರಿಡ್ಜ್ ಒಂದನ್ನೇ ಹಾಕಿದರೆ ಗುಂಯ್‌ಗುಡುವುದು ಈಗಲೂ ಇದೆ, ಸಿಂಗಲ್ ಕಾಯಿಲ್ ಅಲ್ವಾ. ಎರಡು ಸುರುಳಿಯ ಹಮ್‌ಬಕರ್ ಪಿಕಪ್ ಹಾಕಿದ್ದರೆ ಅದು ಹೋಗುತ್ತಿತ್ತು, ಆದರೆ ನನಗೆ ಆ ದನಿ ಬೇಡ.