ನಿಂತ ಕಾರಿನ ಬ್ಯಾಟರಿ ಕುಡಿಯುತ್ತಿದ್ದ ದೀಪ

ದಾವಣಗೆರೆಯ ವಿದ್ಯಾನಗರದಲ್ಲಿ ಮನೆ, ಚನ್ನಗಿರಿ ಕಡೆ ಅಡಿಕೆ ತೋಟ. ನಮ್ಮ ಕಾರು ಹೊರಡುವುದು ಭಾನುವಾರ ಮಾತ್ರ. ಕಳೆದ ಕೊಯ್ಲಿನಲ್ಲಿ ಎರಡು ಭಾನುವಾರ ಸೆಲ್ಫ್ ಟಕ್ ಟಕ್ ಅಂದು ಸುಮ್ಮನಾಯಿತು. "ಬ್ಯಾಟರಿ ಹೋಗೈತೆ ಸಾರ್, ಹೊಸದು ಹಾಕಿಸ್ಬಿಡ್ರಿ" ಅಂದರು ಅಂಗಡಿಯವರು. ಹಾಕಿಸಿದೆ. ಮುಂದಿನ ಭಾನುವಾರಕ್ಕೆ ಅದೂ ಇಳಿದಿತ್ತು. ನಿಂತಲ್ಲೇ ಕಾರಿನ ಯಾವುದೋ ಭಾಗ ಕರೆಂಟ್ ಎಳೆಯುತ್ತಿದೆ ಅಂತ ಆಗ ಖಾತ್ರಿಯಾಯಿತು.

ಚಾರ್ಜ್ ಮಾಡಿಸಿ ತಂದು, ನೆಗೆಟಿವ್ ಟರ್ಮಿನಲ್ ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಸೇರಿಸಿದೆ. ಮೀಟರಿನ ಕೆಂಪು ವೈರು 10 ಆಂಪಿಯರ್ ತೂತಿನಲ್ಲೇ ಇರಬೇಕು. ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಫ್ಯೂಸ್ ಹಾರುತ್ತದೆ. ಡ್ರೈವರ್ ಬಾಗಿಲು ತೆರೆದಿಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿದೆ. ಒಳಗಿನ ಫ್ಯೂಸ್ ಬಾಕ್ಸ್ ಕೈಗೆ ಸಿಗಬೇಕು, ಬಾಗಿಲು ಮುಚ್ಚಿದೆ ಅಂತ ಕಾರು ನಂಬಬೇಕು.

ಮೊದಲು 2 ಆಂಪಿಯರ್ ದಾಟಿ ತೋರಿಸಿತು. ಅದನ್ನು ನಂಬಬಾರದು. ಒಳಗಿನ ಕಂಪ್ಯೂಟರ್‌ಗಳು ಮಲಗಲು ಹೊತ್ತು ಬೇಕು. ಅರ್ಧ ಗಂಟೆ ಕಾದೆ, 0.44ಕ್ಕೆ ಇಳಿದು ಅಲ್ಲೇ ನಿಂತಿತು. 0.05ರೊಳಗೆ ಇದ್ದರೆ ಚಿಂತೆಯಿಲ್ಲ. 0.44 ಅಂದರೆ ದಿನಕ್ಕೆ 10 ಆಂಪಿಯರ್ ಅವರ್‌ಗೂ ಹೆಚ್ಚು. ನನ್ನದು 35 ಆಂಪಿಯರ್ ಅವರ್ ಬ್ಯಾಟರಿ, ಮೂರು ದಿನಕ್ಕೇ ಮುಗಿಯಿತು.

ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತೆ. ಕಿತ್ತದ್ದನ್ನು ತಕ್ಷಣ ಮತ್ತೆ ಹಾಕಲಿಲ್ಲ, ಹಾಕಿದರೆ ಮಲಗಿದ್ದ ಕಂಪ್ಯೂಟರ್ ಎದ್ದು ಲೆಕ್ಕ ಕೆಡುತ್ತದೆ. ಒಳಗಿನ ದೀಪಗಳ ಫ್ಯೂಸ್ ಕಿತ್ತಾಗ ಮೀಟರ್ ಸೀದಾ 0.03ಕ್ಕೆ ಬಿತ್ತು. ಕಾರಿನೊಳಗೆ ಎಲ್ಲ ದೀಪವೂ ಆರಿದ್ದವು. ಕಾಣದೆ ಉಳಿದದ್ದು ಡಿಕ್ಕಿ ದೀಪ ಒಂದೇ: 5 ವ್ಯಾಟ್ ಬಲ್ಬ್, 12 ವೋಲ್ಟ್‌ಗೆ ಭಾಗಿಸಿದರೆ ಸುಮಾರು 0.42. ಲೆಕ್ಕ ಕೂಡಿ ಬಂತು.

ಫ್ಯೂಸ್ ಹಾಕಿ, ಮೊಬೈಲ್‌ನಲ್ಲಿ ವಿಡಿಯೊ ಶುರು ಮಾಡಿ, ಡಿಕ್ಕಿಯೊಳಗಿಟ್ಟು ಮುಚ್ಚಿದೆ. ತೆಗೆದು ನೋಡಿದರೆ, ಮುಚ್ಚಿದ ಮೇಲೂ ದೀಪ ಉರಿಯುತ್ತಲೇ ಇದೆ! ಟಾರ್ಚ್ ಹಿಡಿದು ಲಾಕಿನೊಳಗೆ ಇಣುಕಿದೆ. ಡಿಕ್ಕಿ ಮುಚ್ಚಿದಾಗ ದೀಪ ಆರಿಸುವ ಪುಟ್ಟ ಸ್ವಿಚ್ಚಿನ ಸುತ್ತ ಗೋಣಿನಾರು ಸುತ್ತಿಕೊಂಡು, ಧೂಳು ಗ್ರೀಸಿನ ಜೊತೆ ಗಟ್ಟಿಯಾಗಿತ್ತು. ಅಡಿಕೆ ಚೀಲ ಹೇರುವಾಗ ಸಿಕ್ಕಿಕೊಂಡದ್ದು. ಚಿಮಟದಿಂದ ಎಳೆಎಳೆಯಾಗಿ ಬಿಡಿಸಿದೆ. ಬೆರಳಿಂದ ಒತ್ತಿದರೆ ಸ್ವಿಚ್ 'ಟಿಕ್' ಅಂದಿತು. ಮತ್ತೆ ವಿಡಿಯೊ ಇಟ್ಟೆ, ಈ ಸಲ ಪೂರಾ ಕತ್ತಲು.

ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟಿದ್ದೆ. ಪಾಪ, ಅದರದೇನೂ ತಪ್ಪಿರಲಿಲ್ಲವೇನೋ ಎಂಬ ಸಂಕಟ ಈಗಲೂ ಇದೆ. ಚೀಲ ಹೇರುವ ಮೊದಲು ಈಗ ಡಿಕ್ಕಿಯ ಅಂಚಿಗೆ ಟಾರ್ಪಾಲು ಹಾಸುತ್ತೇನೆ.