ಒಟಿಪಿ ಯಾರ ಮೊಬೈಲಿಗೆ ಬರುತ್ತಿದೆ?

"ಯಜಮಾನರೇ, ನಿಮ್ಮ ಮೂರು ತಿಂಗಳ ಬಿಲ್ ನಮ್ಮ 2ಬಿಯಲ್ಲಿ ಬಂದೇ ಇಲ್ಲ. ಬರುವ ತನಕ ಜಿಎಸ್‌ಟಿ ಮೊತ್ತ ನನ್ನ ಹತ್ತಿರವೇ ಇರಲಿ."

ತುಮಕೂರಿನ ನನ್ನ ಹಾರ್ಡ್‌ವೇರ್ ಅಂಗಡಿಯಿಂದ ಪೈಪು, ಸಿಮೆಂಟು ಒಯ್ಯುವ ಗುತ್ತಿಗೆದಾರರೊಬ್ಬರು ಫೋನಿನಲ್ಲಿ ಹೀಗೆಂದಾಗ ನನಗೆ ಸಿಟ್ಟು ಬಂದದ್ದು ಅವರ ಮೇಲೆಯೇ. (2ಬಿ ಎಂದರೆ ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳಿಂದ ಕೊಂಡವರಿಗೆ ಜಿಎಸ್‌ಟಿ ಪೋರ್ಟಲಿನಲ್ಲಿ ಸಿದ್ಧವಾಗುವ ಪಟ್ಟಿ.) ತಿಂಗಳು ತಪ್ಪದೆ ತೆರಿಗೆ ಹಣವನ್ನು ನಮ್ಮ ಆಡಿಟರ್ ಖಾತೆಗೆ ಹಾಕುತ್ತಿದ್ದವನು ನಾನು. (ಅವರು ಸಿಎ ಓದಿದವರಲ್ಲ. ಆದರೆ ರಿಟರ್ನ್ ಸಲ್ಲಿಸುವವರೆಲ್ಲ ನಮ್ಮ ಬಾಯಲ್ಲಿ ಆಡಿಟರೇ.) ಕೇಳಿದರೆ "ಸರ್ವರ್ ತೊಂದರೆ, ನಾಳೆ ಆಗುತ್ತದೆ" ಎಂದರು.

ಮಗಳು ಜಿಎಸ್‌ಟಿ ಪೋರ್ಟಲ್ ತೆರೆಯಲು ಕೂತಳು. ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ. ಹೊಸದು ಮಾಡಿಕೊಳ್ಳೋಣವೆಂದರೆ ಒಟಿಪಿ ಹೋದದ್ದು ನನ್ನದಲ್ಲದ ನಂಬರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ "ನಿಮಗೇಕೆ ತಲೆನೋವು" ಎಂದು ಆಡಿಟರ್ ತಮ್ಮ ಮೊಬೈಲು, ತಮ್ಮ ಇಮೇಲನ್ನೇ ಕೊಟ್ಟಿದ್ದರು. ಆಗ ನನಗೂ ಅದು ಉಪಕಾರವಾಗಿಯೇ ಕಂಡಿತ್ತು. ನನ್ನಂಥ ಒಬ್ಬನೇ ಮಾಲೀಕನ ವ್ಯಾಪಾರದಲ್ಲಿ ರಿಟರ್ನಿಗೆ ಬೀಳುವ ಸಹಿಯೇ ಆ ಒಟಿಪಿ. ಇಷ್ಟು ವರ್ಷ ನನ್ನ ಸಹಿ ಅವರ ಜೇಬಿನಲ್ಲಿತ್ತು. ಇಲಾಖೆಯ ನೋಟಿಸುಗಳೂ ಅಲ್ಲಿಗೇ ಹೋಗುತ್ತಿದ್ದವು.

ಬಿಡಿಸಿಕೊಳ್ಳುವ ದಾರಿ ಅಂದುಕೊಂಡಷ್ಟು ಕಷ್ಟದ್ದಲ್ಲ. ನೋಂದಣಿ ಪತ್ರ, ಪ್ಯಾನ್, ಆಧಾರ್ ಮತ್ತು ಒಂದು ಅರ್ಜಿ ಹಿಡಿದು ನನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋದೆ. ಮೊಬೈಲ್, ಇಮೇಲ್ ಬದಲಾಯಿಸಿಕೊಟ್ಟರು. ಒಳಗೆ ಹೋಗಿ ನೋಡಿದರೆ ಮೂರು ತಿಂಗಳ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಸಲ್ಲಿಕೆಯಾಗಿಲ್ಲ. ಹಿಂದಿನ ತಿಂಗಳ 3ಬಿ ಬಾಕಿಯಿದ್ದರೆ ಮಾರಾಟದ ಬಿಲ್ಲು ತೋರಿಸುವ ಮುಂದಿನ ಜಿಎಸ್‌ಟಿಆರ್-1 ರಿಟರ್ನ್ ಹಾಕಲು ಬರುವುದಿಲ್ಲ. ಗುತ್ತಿಗೆದಾರರ ದೂರಿಗೆ ಕಾರಣ ಅದೇ. ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ, ನಗದಾಗಿ ಕಟ್ಟಬೇಕಿದ್ದ ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರಂತೆ ಬಡ್ಡಿ, ಇವುಗಳ ಜೊತೆಗೆ ಆ ತೆರಿಗೆಯನ್ನೂ ಮತ್ತೊಮ್ಮೆ ನಾನೇ ತೆತ್ತೆ. ಹಳೆಯ ಆಡಿಟರಿಂದ ಸ್ವಲ್ಪ ಹಣ ವಾಪಸ್ ಬಂತು, ಉಳಿದದ್ದು ಬರಲಿಲ್ಲ.

ಈಗ ಲೆಕ್ಕ ನೋಡುವವರು ಒಬ್ಬ ಸಿಎ ಮೇಡಂ. ಮೊದಲ ದಿನ ಬಿಲ್ಲು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅವರ ಮೇಜಿನ ಮೇಲಿಟ್ಟೆ. ಅದನ್ನು ನನ್ನತ್ತಲೇ ಸರಿಸಿ, "ಇದನ್ನು ತಿಂಗಳವಾರು ಜೋಡಿಸಿ ತನ್ನಿ. ಜೋಡಿಸುವ ಕೆಲಸಕ್ಕೂ ನನಗೆ ಶುಲ್ಕ ಕೊಡುವುದಾದರೆ ಇಲ್ಲೇ ಬಿಟ್ಟುಹೋಗಿ" ಎಂದರು. ಮುಖಕ್ಕೆ ಹೊಡೆದಂತಾಯಿತು. ಮನೆಗೆ ಬಂದು ಜೋಡಿಸಿದೆ. ತೆರಿಗೆಯನ್ನು ತಮ್ಮ ಖಾತೆಗೆ ಹಾಕಿಸಿಕೊಳ್ಳಲು ಅವರು ಒಪ್ಪಲೇ ಇಲ್ಲ. ಚಲನ್ ಕಳಿಸುತ್ತಾರೆ, ನನ್ನ ಬ್ಯಾಂಕಿನಿಂದ ನಾನೇ ಕಟ್ಟುತ್ತೇನೆ.

ನಿಜವಾದ ಉಪಯೋಗ ಕಂಡದ್ದು 14ನೇ ತಾರೀಕಿನ ಕೆಲಸದಲ್ಲಿ. ಅಂದು 2ಬಿ ತಯಾರಾಗುತ್ತದೆ; ಅದನ್ನು ನನ್ನ ಖರೀದಿ ಪುಸ್ತಕದ ಎದುರಿಟ್ಟು ಸಾಲು ಸಾಲಾಗಿ ಟಿಕ್ ಹಾಕುತ್ತಾರೆ. ಮೊದಲ ತಿಂಗಳೇ ಪೈಪ್ ವಿತರಕರೊಬ್ಬರ ಎರಡು ಬಿಲ್ ಅದರಲ್ಲಿ ಇರಲಿಲ್ಲ. ಅವರು ರಿಟರ್ನಿನಲ್ಲಿ ತೋರಿಸದಿದ್ದರೆ ನಾನು ಕೊಟ್ಟ ತೆರಿಗೆ ನನಗೆ ದಕ್ಕುವುದಿಲ್ಲ. ಗುತ್ತಿಗೆದಾರರು ನನಗೆ ಹೇಳಿದ ಮಾತನ್ನೇ ನಾನು ವಿತರಕರಿಗೆ ಹೇಳಿದೆ, ಅದೇ ಧಾಟಿಯಲ್ಲಿ. ಮುಂದಿನ ತಿಂಗಳು ಎರಡೂ ಬಂದವು.

"ತೆರಿಗೆ ಉಳಿಸಿಕೊಡುತ್ತೇನೆ" ಎಂಬ ಮಾತು ಮೇಡಂ ಬಾಯಿಂದ ಬಂದದ್ದಿಲ್ಲ. ಓವರ್‌ಡ್ರಾಫ್ಟ್ ಹೆಚ್ಚಿಸಲು ಬ್ಯಾಂಕಿಗೆಂದೇ ಲಾಭ ಏರಿಸಿದ ಬ್ಯಾಲೆನ್ಸ್ ಶೀಟ್ ಬೇಕೆಂದು ಕೇಳಿ ಬೈಸಿಕೊಂಡಿದ್ದೇನೆ. ಸಿಎ ಸಹಿ ಮಾಡುವ ಪ್ರಮಾಣಪತ್ರ, ಆಡಿಟ್ ವರದಿಗಳಿಗೆ ಈಗ ಅಂಕಿ-ಅಕ್ಷರ ಸೇರಿ 18 ಸ್ಥಾನಗಳ ಯುಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಬ್ಯಾಂಕಿನವರು ಕೂತಲ್ಲೇ ಪರಿಶೀಲಿಸುತ್ತಾರೆ. ಬೈದದ್ದು ನನ್ನ ಒಳ್ಳೆಯದಕ್ಕೇ ಇರಬಹುದು, ತಮ್ಮ ಪರವಾನಗಿ ಉಳಿಸಿಕೊಳ್ಳಲೂ ಇರಬಹುದು. ನನಗೆ ಎರಡೂ ಒಂದೇ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಪಕ್ಕದ ಹಾಲಿನ ಅಂಗಡಿಯವರನ್ನು ಮೇಡಂ ಬಳಿಗೇ ಕರೆದೊಯ್ದೆ. ಎಷ್ಟು ಜಮೆಯಾಗಿದೆ ಎಂದು ಅವರು ಮೊದಲು ಕೇಳಲಿಲ್ಲ. "ಏನೇನು ಮಾರುತ್ತೀರಿ?" ಎಂದರು. ಹಾಲು, ಬ್ರೆಡ್ಡಿಗೆ ತೆರಿಗೆಯಿಲ್ಲ, ಸಿಗರೇಟಿಗೆ ಇದೆ. ಸರಬರಾಜುದಾರರ ಹಳೆಯ ಬಿಲ್ಲುಗಳನ್ನೆಲ್ಲ ತರಿಸಿ, ಎರಡು ರಾಶಿ ಮಾಡಿ ಉತ್ತರ ಬರೆದರು.

ಮೊನ್ನೆ 19ರ ಸಂಜೆ ಗಿರಾಕಿಗೆ ಪೇಂಟ್ ಬಣ್ಣ ಬೆರೆಸಿಕೊಡುತ್ತಿದ್ದಾಗ ಅವರ ಫೋನು ಬಂತು: "ಒಟಿಪಿ ಹೇಳಿ."

"ಮೊತ್ತ ಎಷ್ಟು ಮೇಡಂ?"

"ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೇನೆ, ನೋಡಿ."

ಗಿರಾಕಿಗೆ ಎರಡು ನಿಮಿಷ ನಿಲ್ಲಲು ಹೇಳಿ, ಕೈ ಒರೆಸಿಕೊಂಡು ಕನ್ನಡಕ ಹುಡುಕಿದೆ.